ಆಸಕ್ತಿ ಇಲ್ಲದವರು

ಚಿಮ್ಮಡ
ತಾ. 18-11-2024, ಸೋಮವಾರ

ಪ್ರೀತಿಯ ಮಗಳು ಯಶೋಧರಾಳಿಗೆ,

ಚಿಮ್ಮಡದಿಂದ ತಾರವ್ವ ಮಾಡುವ ಆಶೀರ್ವಾದ. ಮೊದಲು ‘ಸೊಸೆ’ ಎಂದು ಬರೆದಿದ್ದೆ. ಆಮೇಲೆ ಆ ಹಾಳೆ ಹರಿದು ಹೊಸದು ತೆಗೆದುಕೊಂಡೆ. ಸೊಸೆ ಎನ್ನುವ ಹಕ್ಕು ಈಗ ಗಲಗಲಿಯ ನಿನ್ನ ಅತ್ತೆಯದು, ಮಗಳು ಎನ್ನಲು ನನಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಹೇಗಿದ್ದೀಯವ್ವಾ? ನಿನಗೆ ಆರು ತಿಂಗಳು ತುಂಬಿತೆಂದು ಲಗಮವ್ವ ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೇ ಬಂತು, ಬೇರೆ ಏನೂ ತಿಳಿಯಬೇಡ. ಅಕ್ಷತಾ ಹೊಟ್ಟೆಯಲ್ಲಿದ್ದಾಗ ಒಗ್ಗರಣೆ ಚುರ್ ಎಂದರೆ ಸಾಕು, ನೀನು ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದೆ. ಈ ಸಲ ಹೇಗೆ? ಕಾಲು ಬಾವು ಬರುತ್ತಿದೆಯೇ? ಅಂಗನವಾಡಿಯವರು ಕೊಡುವ ಗುಳಿಗೆ ನುಂಗುತ್ತಿದ್ದೀಯೋ, ಇಲ್ಲ ಆಗಿನಂತೆ ತಲೆದಿಂಬಿನ ಕೆಳಗೆ ಬಚ್ಚಿಡುತ್ತಿದ್ದೀಯೋ? ಇಷ್ಟು ವರ್ಷ ಅಂಗನವಾಡಿ ಟೀಚರಾಗಿ ಊರ ಬಸುರಿಯರಿಗೆಲ್ಲ ಎದುರು ನಿಂತು ಗುಳಿಗೆ ನುಂಗಿಸಿದವಳಿಗೆ ಮನೆಯವಳೇ ಮಾಡಿದ ಮೋಸ ಗೊತ್ತಾಗಲಿಲ್ಲ ಎಂದುಕೊಂಡಿದ್ದೆಯಾ? ಹಾಸಿಗೆ ಕೊಡವಿದಾಗ ಎಲ್ಲ ಉದುರಿದ್ದವು. ಆಗ ಬೈಯಲಿಲ್ಲ, ಈಗ ಬೈಯುತ್ತಿದ್ದೇನೆ. ನುಂಗು.

ಫೋನು ಮಾಡುವುದು ಬಿಟ್ಟು ಕಾಗದ ಏಕೆ ಎಂದು ಕೇಳುತ್ತೀಯ. ನಿಮ್ಮ ಮನೆಯಲ್ಲಿ ಫೋನು ಯಾರ ಕೈಯಲ್ಲಿರುತ್ತದೋ ನನಗೆ ಗೊತ್ತಿಲ್ಲ. ಚಿಮ್ಮಡದ ಹೆಸರು ಕೇಳಿ ನಿನ್ನ ಅತ್ತೆಯ ಮುಖ ಗಂಟಾದರೆ ಅದರ ಬಿಸಿ ತಾಗುವುದು ನಿನಗೆ. ಅದೂ ಅಲ್ಲದೆ ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಲಗಮವ್ವ ನಿಮ್ಮೂರ ಅಂಗನವಾಡಿಯ ಸಹಾಯಕಿಯಾದರೂ ನಮ್ಮೂರ ಹೆಣ್ಣುಮಗಳು. ತವರಿಗೆ ಬಂದವಳು ನಾಳೆ ಬೆಳಿಗ್ಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಇದನ್ನೂ ಒಂದು ಡಬ್ಬಿ ಗುರೆಳ್ಳು ಚಟ್ನಿಯನ್ನೂ ಕೊಡುತ್ತೇನೆ. ಚಟ್ನಿ ಲಗಮವ್ವನೇ ಮಾಡಿದ್ದೆಂದು ಹೇಳು. ಕಾಗದ ಓದಿದ ಮೇಲೆ ಒಲೆಗೆ ಹಾಕು. ನಿನ್ನ ಏಳನೆಯ ತಿಂಗಳ ಕುಬಸಕ್ಕೆಂದು ಹಸಿರು ಖಣವೊಂದನ್ನು ತೆಗೆದಿಟ್ಟಿದ್ದೇನೆ. ಅದನ್ನು ಯಾವ ಸಂಬಂಧ ಹೇಳಿಕೊಂಡು ಕಳಿಸಲಿ ಎಂದು ತಿಳಿಯದೆ ಟ್ರಂಕಿನಲ್ಲೇ ಇದೆ.

ಅಕ್ಷತಾ ಆರಾಮಿದ್ದಾಳೆ. ಎರಡನೆಯ ತರಗತಿ. ಮುಂದಿನ ಎರಡು ಹಲ್ಲು ಬಿದ್ದು ನಕ್ಕರೆ ಥೇಟ್ ನಮ್ಮ ಅತ್ತೆಯ ಹಾಗೆ ಕಾಣುತ್ತಾಳೆ. ಓದುವ ಹುಚ್ಚು ಹಿಡಿದಿದೆ ನೋಡು, ಕಂಡದ್ದನ್ನೆಲ್ಲ ಓದಬೇಕು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬರೆದದ್ದು, ಎಣ್ಣೆ ಪಾಕೀಟಿನ ಮೇಲಿನದು, ಮುತ್ಯಾನ ಔಷಧದ ಚೀಟಿ, ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಓಣಿಗೆ ಕೇಳುವ ಹಾಗೆ ಕೂಗುತ್ತಾಳೆ. ಡಾಕ್ಟರ ಅಕ್ಷರ ಮಾತ್ರ ಬರುವುದಿಲ್ಲ, ‘ಇವರಿಗೆ ಸಾಲ್ಯಾಗ ಹೊಡದಿಲ್ಲೇನು ಆಯಿ’ ಎಂದು ನನ್ನನ್ನೇ ಕೇಳುತ್ತಾಳೆ. ನಿನ್ನನ್ನು ಕೇಳುವುದು ಮೊದಲಿಗಿಂತ ಕಡಿಮೆಯಾಗಿದೆ. ಕಡಿಮೆಯಾಯಿತೆಂದು ಸಮಾಧಾನಪಡಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಆದರೆ ಗಲಗಲಿ ಎಂಬ ಬೋರ್ಡಿನ ಬಸ್ಸು ಕಂಡರೆ ಅದನ್ನು ಮೆಲ್ಲಗೆ ಓದುತ್ತಾಳೆ, ಕೂಗುವುದಿಲ್ಲ.

ನಿನ್ನ ಮಾವ, ಅಂದರೆ ನಮ್ಮ ಮನೆಯವರು, ಮೈಯಲ್ಲಿ ಆರಾಮಿದ್ದಾರೆ. ಮನಸ್ಸಿನ ಸುದ್ದಿ ಬೇರೆ. ಪಡಸಾಲೆಯ ಕಂಬಕ್ಕೆ ಆತುಕೊಂಡು ಕುಳಿತರೆ ರೊಟ್ಟಿ ಆರಿ ಹಪ್ಪಳವಾದರೂ ಏಳುವುದಿಲ್ಲ. ನಾನೂ ಮೂರು ದಿನ ಅವರೊಡನೆ ಮಾತು ಬಿಟ್ಟಿದ್ದೆ. ಅಕ್ಷತಾಳೇ ನಮ್ಮಿಬ್ಬರ ನಡುವೆ ಓಡಾಡಿ ‘ಆಯಿ ಉಣ್ಣಾಕ ಕರೀತಾಳ’, ‘ಮುತ್ಯಾ ಒಲ್ಲೆ ಅಂತಾನ’ ಎಂದು ಸುದ್ದಿ ಮುಟ್ಟಿಸುತ್ತಿದ್ದಳು. ಈಗ ಮಾತಾಡುತ್ತೇನೆ. ಮಾತು ಬಿಟ್ಟು ಎಲ್ಲಿಗೆ ಹೋಗಲಿ? ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಏಕೆಂದು ನಿನಗೆ ಹೇಳಬೇಕು, ಅದಕ್ಕೇ ಈ ಕಾಗದ.

ನಮ್ಮ ದುರಗೇಶನ ಸಾವಿನ ಪರಿಹಾರದ ಕೇಸು ವಜಾ ಆಯಿತವ್ವಾ. ಸೋತು ಹೋದದ್ದಲ್ಲ, ಸೋಲುವುದಕ್ಕಾದರೂ ಎದುರು ನಿಲ್ಲಬೇಕಲ್ಲ. ಕರೆದಾಗ ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ, ಅದಕ್ಕೆ ಹೋಯಿತು. ಸುದ್ದಿ ತಿಳಿದದ್ದು ಹೇಗೆಂದರೆ, ನಿನ್ನ ಮಾವ ಹಿಟ್ಟಿನ ಗಿರಣಿಗೆ ಹೋದಾಗ ಫೋನನ್ನು ಚಾರ್ಜಿಗೆ ಹಾಕಿ ಹೋಗಿದ್ದರು. ಜಮಖಂಡಿಯಿಂದ ನಮ್ಮ ವಕೀಲರಾದ ವಾಸುದೇವರಾಯರು ಫೋನು ಮಾಡಿದರು, ನಾನು ಎತ್ತಿಕೊಂಡೆ. ಮರುದಿನವೇ ಅಕ್ಷತಾಳನ್ನು ಕಟ್ಟಿಕೊಂಡು ಬಸ್ಸು ಹತ್ತಿದೆ. ಕೋರ್ಟಿನ ಆದೇಶವನ್ನು ಅವರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಅರ್ಜಿದಾರರು ಮೇಲಿಂದ ಮೇಲೆ ಗೈರುಹಾಜರಾಗಿದ್ದಾರೆ, ಅವರಿಗೆ ಪ್ರಕರಣ ನಡೆಸುವ ಆಸಕ್ತಿ ಇದ್ದಂತಿಲ್ಲ, ಆದ್ದರಿಂದ ವಜಾ.

ಆಸಕ್ತಿ ಇಲ್ಲವಂತೆ ನಮಗೆ. ಅವನ ಚಪ್ಪಲಿಯನ್ನು ಇವತ್ತಿಗೂ ಹೊರಗೆ ಬಿಡಲಾರದೆ ಜೋಳದ ಚೀಲದ ಮಗ್ಗುಲಲ್ಲಿ ಇಟ್ಟುಕೊಂಡ ನನಗೆ ಆಸಕ್ತಿ ಇಲ್ಲ. ಬನಹಟ್ಟಿಗೆ ಹೋದರೆ ಅವನು ದುಡಿದ, ನೂಲಿಗೆ ಗಂಜಿ ಹಾಕುವ ಆ ಸೈಜಿಂಗ್ ಕಾರ್ಖಾನೆಯ ಓಣಿ ತಪ್ಪಿಸಿ ಸುತ್ತು ಹಾಕಿ ಬರುವ ಅವನಪ್ಪನಿಗೆ ಆಸಕ್ತಿ ಇಲ್ಲ. ವಕೀಲರ ಟೇಬಲ್ಲಿನ ಅಂಚು ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ನ್ಯಾಯಾಧೀಶರನ್ನು ಬೈಯಲಾರೆ, ಕರೆದರೂ ಬಾರದವರ ಹೊಟ್ಟೆಯೊಳಗೆ ಏನಿದೆಯೆಂದು ಅವರಿಗೆ ಹೇಗೆ ತಿಳಿಯಬೇಕು? ಮುಖ್ಯವಾಗಿ ಕರೆದದ್ದು ನಿನ್ನನ್ನು. ಅರ್ಜಿ ಇದ್ದದ್ದು ನಿನ್ನ ಹೆಸರಿನಲ್ಲಿ, ಮಗುವಿನ ಪರವಾಗಿಯೂ ನೀನೇ. ನಿನ್ನ ಮಾವನಿಗೆ ಬಸ್ ಕಂಡಕ್ಟರಿಕೆಯ ಪಿಂಚಣಿ, ನನಗೆ ಟೀಚರ ಸಂಬಳ, ಹೀಗಾಗಿ ಮಗನ ದುಡಿಮೆಯ ಮೇಲೆ ಬದುಕಿದವರಲ್ಲವೆಂದು ನಮ್ಮ ಹೆಸರು ಹಾಕಿರಲಿಲ್ಲ. ಪ್ರತಿ ತಾರೀಖಿಗೂ ನಿನ್ನ ಹೆಸರು ಕೂಗಿದ್ದಾರೆ. ನಿನಗೆ ಒಂದು ತಾರೀಖಿನ ಸುದ್ದಿಯೂ ಮುಟ್ಟಿಲ್ಲ. ಅದು ನನಗೂ ಗೊತ್ತಿರಲಿಲ್ಲ. ಕೋರ್ಟೆಂದರೆ ತಡ, ನಡೆದೇ ಇದೆ ಎಂದು ನಂಬಿ ಕುಳಿತಿದ್ದೆ.

ತಾರೀಖು ಮುಚ್ಚಿಟ್ಟದ್ದು ನಿನ್ನ ಮಾವ. ಹೋದ ವರ್ಷ ಬನದ ಹುಣ್ಣಿಮೆ ಕಳೆದ ಮೇಲೆ ನಮ್ಮ ಪಡಸಾಲೆಯಲ್ಲೇ ನಿನಗೆ ಉಡಿಕೆ ಮಾಡಿಕೊಟ್ಟೆವಲ್ಲ, ಆ ದಿನ ನೆನಪಿದೆಯೇ? ಗಂಡ ಸತ್ತ ಹೆಣ್ಣುಮಗಳು ಇಪ್ಪತ್ತಾರಕ್ಕೇ ಮೂಲೆ ಹಿಡಿದು ಕೂರುವುದು ಬೇಡ, ಇನ್ನೊಂದು ಮನೆಯಲ್ಲಿ ದೀಪ ಹಚ್ಚಲಿ ಎಂದು ಹಟ ಹಿಡಿದವರು ಅವರೇ. ಈಗಿನ ನಿನ್ನ ಗಂಡ ಪಾಂಡಪ್ಪನ ಮನೆಗೆ ತಾವೇ ಹೋಗಿ ಮಾತಾಡಿ ಬಂದರು. ಮುತ್ತೈದೆಯರು ಉಡಿಕೆ ನೋಡಬಾರದೆಂದು ನನ್ನನ್ನು ಅಡುಗೆಮನೆಗೆ ಕಳಿಸಿದ್ದರು, ನಾನು ಕದದ ಸಂದಿಯಿಂದ ನೋಡಿದೆ. ದೀಪ ಹಚ್ಚುವ ಹೊತ್ತಿಗೆ ನಿನಗೆ ಅವರ ಕಡೆಯ ಸೀರೆ ಉಡಿಸಿದರು. ಮಗು ನಮ್ಮ ಮನೆಯಲ್ಲೇ ಇರಲಿ ಎಂದು ಹಿರಿಯರು ಹೇಳಿದಾಗ ನೀನು ತಲೆ ಎತ್ತಲಿಲ್ಲ. ಆಗ ನಿನ್ನ ಮಾವ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದರು, ‘ಇವತ್ತಿಗೆ ನಮ್ಮ ಮನಿ ಋಣ ತೀರಿತು. ಇನ್ನ ಯಶೋಧರಾ ನಮ್ಮ ದುರಗೇಶನ ಹೇಣ್ತಿ ಅಲ್ಲ. ನಾವು ಎದಕ್ಕೂ ಅಕಿನ್ನ ಕರಿಯೂದಿಲ್ಲರಿ.’ ಉಡಿಕೆಯಲ್ಲಿ ಆಡುವ ಮಾತೇ ಅದು, ಎಲ್ಲರೂ ಆಡುತ್ತಾರೆ. ಆಡಿದ ಮೇಲೆ ಹಬ್ಬಕ್ಕೋ ಹುಣ್ಣಿಮೆಗೋ ಬಂದು ಹೋಗುವವರನ್ನು ನಾನೇ ಕಂಡಿದ್ದೇನೆ. ಆದರೆ ಈ ಮನುಷ್ಯ ತಮ್ಮ ಬಸ್ಸಿನಲ್ಲಿ ಹೆಂಡತಿಗೂ ಟಿಕೆಟ್ ಹರಿದು ಕೊಟ್ಟವರು. ಮದುವೆಯಾದ ಹೊಸದರಲ್ಲಿ ಮುಧೋಳಕ್ಕೆ ಹೋಗುವಾಗ ನಾನು ನಗುತ್ತಾ ಕುಳಿತರೆ, ‘ಎಲ್ಲಿಗೆ ಬೇ, ರೊಕ್ಕಾ ತಗಿ’ ಎಂದವರು. ಅವರು ಆಡಿದರೆ ಆಡಿದ್ದೇ.

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವರ ತಲೆಯಲ್ಲಿ ಇನ್ನೊಂದು ಹೊಕ್ಕಿತ್ತು. ಉಡಿಕೆಯಾದ ಹೆಣ್ಣು ಮೊದಲಿನವನ ಹೆಂಡತಿ ಅಲ್ಲವೆಂದ ಮೇಲೆ, ಕೋರ್ಟಿನಲ್ಲಿ ನಿಂತು ‘ನಾನು ದುರಗೇಶನ ಹೆಂಡತಿ’ ಎಂದರೆ ಸುಳ್ಳು ಪ್ರಮಾಣವಾಗುತ್ತದೆ ಎಂದು ತಿಳಿದುಕೊಂಡರು. ಹಿರಿಯರ ಮುಂದೆ ಅಲ್ಲವೆಂದು ಸಾರಿದವರು ತಾವೇ, ನ್ಯಾಯಾಧೀಶರ ಮುಂದೆ ಹೌದೆನ್ನಿಸುವುದು ಹೇಗೆ? ಉಡಿಕೆಯ ಸುದ್ದಿ ಹೊರಬಿದ್ದರೆ ಮಗುವಿನ ಹಕ್ಕೂ ಹೋದೀತೆಂಬ ಅಂಜಿಕೆ ಬೇರೆ. ಅದಕ್ಕೆ ವಕೀಲರಿಗೂ ಹೇಳಲಿಲ್ಲ, ನಿನ್ನನ್ನು ಕೇಳಿದಾಗಲೆಲ್ಲ ‘ಊರಾಗಿಲ್ಲರಿ’ ಎಂದು ತಲೆ ತಗ್ಗಿಸಿ ಬರುತ್ತಿದ್ದರಂತೆ. ನಾನು ಎಲ್ಲ ಬಿಚ್ಚಿ ಹೇಳಿದಾಗ ವಾಸುದೇವರಾಯರು ಕನ್ನಡಕ ತೆಗೆದು ಟೇಬಲ್ಲಿನ ಮೇಲೆ ಇಟ್ಟುಬಿಟ್ಟರು. ‘ಅಲ್ರೀ ತಾರವ್ವಾರ, ಉಡಿಕಿ ಆದ್ರ ಹಕ್ಕು ಹೋಗ್ತದಂತ ಯಾರು ಹೇಳಿದ್ರು ನಿಮಗ? ಸತ್ತ ದಿನ ಅಕಿ ಯಾರ ಹೇಣ್ತಿ ಇದ್ಲು, ಕಾನೂನು ಅಷ್ಟ ನೋಡ್ತದ. ಒಂದ ಮಾತು ನನಗ ಕೇಳಬಾರದಿತ್ತ?’ ಎಂದರು. ಒಂದೇ ಮಾತು ಯಶೋಧರಾ. ಅದನ್ನು ಕೇಳಲಿಲ್ಲ.

ಆ ಸೈಜಿಂಗ್ ಮಾಲಕರು ಕೋರ್ಟಿಗೆ ಕೊಟ್ಟ ಉತ್ತರವನ್ನೂ ವಕೀಲರು ಓದಿ ಹೇಳಿದರು. ಅದು ನಿನಗೆ ಗೊತ್ತಿರಲಿಕ್ಕಿಲ್ಲ. ದುರಗೇಶ ತಮ್ಮ ಕೆಲಸಗಾರನೇ ಅಲ್ಲವಂತೆ. ಗೆಳೆಯರ ಜೊತೆ ಚಹಾ ಕುಡಿಯಲು ಬಂದವನು, ಟೆಂಪೋಕ್ಕೆ ನೂಲು ಸುತ್ತಿದ ಭಾರದ ಬೀಮು ಏರಿಸುವಾಗ ಬೇಡವೆಂದರೂ ಕೈ ಹಚ್ಚಿ, ಹಲಗೆ ಜಾರಿ, ಅದರ ಕೆಳಗೆ ಸಿಕ್ಕನಂತೆ. ಚಹಾ! ಚಹಾ ಕುಡಿದರೆ ಎದೆ ಉರಿಯುತ್ತದೆಂದು ಒಂದು ಗುಟುಕೂ ಬಾಯಿಗೆ ಹಚ್ಚದ ಹುಡುಗ. ನೀನು ದಿನಾ ಬುತ್ತಿಯ ಜೊತೆಗೆ ಬಾಟಲಿಯಲ್ಲಿ ಮಜ್ಜಿಗೆ ಒಯ್ಯುತ್ತಿದ್ದೆಯಲ್ಲ, ಅವತ್ತೂ ಒಯ್ದಿದ್ದೆ. ನೀನು ಗೇಟಿನೊಳಗೆ ಕಾಲಿಡುವಾಗಲೇ ಆದದ್ದು. ಮಾಲಕರೇ ‘ಲಗೂನ ಏರಿಸ್ರಲೇ’ ಎಂದು ಕೂಗಿದ್ದನ್ನು ಕೇಳಿದವಳು ನೀನು. ಜೊತೆಗೆ ದುಡಿದವರೆಲ್ಲ ಇನ್ನೂ ಅಲ್ಲೇ ದುಡಿಯುತ್ತಾರೆ, ಅವರು ಬಾಯಿ ಬಿಡಲಾರರು. ಅವರ ಮೇಲೂ ನನಗೆ ಸಿಟ್ಟಿಲ್ಲ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಆದರೆ ಕೇಸು ಹೀಗೇ ಸತ್ತರೆ ಬರಹದಲ್ಲಿ ಉಳಿಯುವುದು ಮಾಲಕರ ಮಾತೊಂದೇ. ದುಡಿಯುತ್ತಾ ಸತ್ತ ನನ್ನ ಮಗ ಚಹಾಕ್ಕೆ ಬಂದು ಸತ್ತವನಾಗುತ್ತಾನೆ. ಇದೊಂದನ್ನು ನಾನು ನುಂಗಿಕೊಳ್ಳಲಾರೆ. ನಾಳೆ ಓದುವ ಹುಚ್ಚಿನ ಈ ಹುಡುಗಿ ಅದನ್ನೂ ಓದುತ್ತಾಳೆ.

ಕೇಸನ್ನು ಮತ್ತೆ ಎಬ್ಬಿಸಬಹುದು, ಈ ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು ವಕೀಲರು ಹೇಳಿದ್ದಾರೆ. ಅದಕ್ಕೆ ದಾರಿ ಎರಡು. ಒಂದು, ನೀನು ಬಂದು ಸಹಿ ಮಾಡಿ, ಮುಂದೆ ಕಟಕಟೆಯಲ್ಲಿ ನಿಂತು ಅವನ ಹೆಸರು ಹೇಳಿ, ಕಂಡದ್ದನ್ನು ಹೇಳುವುದು. ನೀನೋ ಅವನಿದ್ದಾಗಲೂ ಹೆಸರು ಹಿಡಿದವಳಲ್ಲ. ಅಕ್ಷತಾಳನ್ನು ತೊಟ್ಟಿಲಿಗೆ ಹಾಕಿದ ದಿನ ಹೆಂಗಸರೆಲ್ಲ ಕಾಡಿ ಕಾಡಿ ನಿನ್ನಿಂದ ಗಂಡನ ಹೆಸರು ಕಟ್ಟಿದ ಒಡಪು ಹಾಕಿಸಿದಾಗ ಒಂದೇ ಸಲ ಹೇಳಿದ್ದೆ, ಅದೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ಅವನು ಬಾಗಿಲಲ್ಲಿ ನಿಂತು ‘ಏನ ಕೇಳಿಸಲಿಲ್ಲ, ಇನ್ನೊಮ್ಮೆ’ ಎಂದು ನಕ್ಕಿದ್ದ. ಈಗ ಇನ್ನೊಬ್ಬರ ಮನೆಯಲ್ಲಿ ಇದ್ದುಕೊಂಡು, ಹೊಟ್ಟೆಯಲ್ಲಿ ಅವರ ಕೂಸನ್ನು ಇಟ್ಟುಕೊಂಡು ಆ ಹೆಸರು ಹೇಳೆಂದು ನಾನು ಹೇಗೆ ಕೇಳಲಿ?

ಎರಡನೆಯದು ನಿನ್ನ ಮಾವನಿಗೆ ಹಿಡಿಸಿದ ದಾರಿ. ಮಗುವಿನ ಹೊಣೆ ಬಿಟ್ಟುಕೊಟ್ಟಿದ್ದೇನೆ, ಅದರ ಪರವಾಗಿ ಅದರ ಆಯಿಯೇ, ಅಂದರೆ ನಾನೇ, ಕೇಸು ನಡೆಸಲಿ ಎಂದು ನೀನು ಬರೆದುಕೊಡುವುದು. ನೀನು ಊರು ಬಿಟ್ಟು ಅಲುಗಬೇಕಿಲ್ಲ, ಅವರ ಮಾತೂ ಉಳಿಯುತ್ತದೆ. ವಕೀಲರಿಗೆ ಇದು ಮನಸ್ಸಿಗೆ ಬಂದಿಲ್ಲ, ‘ಕೇಸು ಎದ್ದು ಕೂಡಬಹುದು, ಕಣ್ಣಾರೆ ಕಂಡಾಕಿ ಇಲ್ಲದ ನಡೀಲಿಕ್ಕಿಲ್ಲ’ ಎಂದರು. ಆದರೂ ನಿನ್ನ ಮಾವ ಬೇಡಿಕೊಂಡದ್ದಕ್ಕೆ ಕಾಗದ ಮಾಡಿಕೊಟ್ಟರು. ಅದನ್ನು ಇದರ ಜೊತೆ ಮಡಚಿ ಇಟ್ಟಿದ್ದೇನೆ. ಓದಬೇಡ, ಓದಿದರೆ ನೋವಾಗುತ್ತದೆ, ಕಾನೂನಿನ ಭಾಷೆಯೇ ಅಂಥದು. ಕೆಳಗೆ ಗುರುತು ಹಾಕಿದಲ್ಲಿ ಸಹಿ ಮಾಡಿ ಲಗಮವ್ವನ ಕೈಗೆ ಕೊಡು. ಪಾಂಡಪ್ಪನಿಗೆ ಹೇಳಿ ಅವನ ತಲೆ ಕೆಡಿಸಬೇಡ. ನಿನ್ನದೇನೂ ತಪ್ಪಿಲ್ಲವ್ವಾ. ಊರಲ್ಲಿ ಯಾರಾದರೂ ‘ಅಕಿ ಹೋದ ಮ್ಯಾಲೆ ತಿರುಗಿ ನೋಡಲಿಲ್ಲ’ ಎಂದರೆ ಅವರ ಬಾಯಿ ಮುಚ್ಚಿಸಲು ನಾನಿದ್ದೇನೆ.

ತಂಪು ಹೊತ್ತಿನಲ್ಲಿ ಸ್ವಲ್ಪ ನಡೆ, ಹೊಳೆಯ ದಂಡೆಗೆ ಒಬ್ಬಳೇ ಹೋಗಬೇಡ. ಭಾರ ಎತ್ತಬೇಡ. ಅಲ್ಲಿಯ ನಿನ್ನ ಅತ್ತೆ ಮಾವನಿಗೆ ನಮ್ಮ ಶರಣು, ಹೇಳಲು ಬಂದರೆ ಹೇಳು, ಇಲ್ಲದಿದ್ದರೆ ಬೇಡ. ಹೆಣ್ಣಾದರೂ ಗಂಡಾದರೂ ಸುಖವಾಗಿ ಕೈಗೆ ಬರಲಿ, ನಿನ್ನ ಹೊಟ್ಟೆ ತಣ್ಣಗಿರಲಿ, ಆ ಮನೆಯ ಒಲೆ ಆರದೆ ಉರಿಯಲಿ ಎಂದು ಹರಸುವ,

ಅಕ್ಷತಾಳ ಆಯಿ
ತಾರವ್ವ

ತಾ.ಕ.: ಮಂಗಳವಾರ ಬೆಳಿಗ್ಗೆ. ಲಗಮವ್ವ ಅಂಗಳದಲ್ಲಿ ನಿಂತಿದ್ದಾಳೆ, ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಾದರೆ ಬೈದುಕೊಳ್ಳಬೇಡ. ಮೇಲೆ ಹೇಳಿದ ಕಾಗದವನ್ನು ಹುಡುಕಬೇಡ, ಇದರಲ್ಲಿ ಇಲ್ಲ. ಲಕೋಟೆ ಅಂಟಿಸಲು ಅನ್ನದ ಅಗುಳು ತರಲೆಂದು ಒಳಗೆ ಹೋಗಿದ್ದೆ. ಅಷ್ಟರಲ್ಲಿ ಅಕ್ಷತಾ ಅದನ್ನು ಬಿಚ್ಚಿಕೊಂಡು ಎಂದಿನಂತೆ ಕೂಗಿ ಓದುತ್ತಿದ್ದಳು, ‘ಸದರಿ ಮಗುವಿನ ಯಾವ ಹೊಣೆಯೂ ಇನ್ನು ಮುಂದೆ ನನಗೆ ಇರುವುದಿಲ್ಲ.’ ಓದಿ ಮುಗಿಸಿ ನನ್ನ ಮುಖ ನೋಡಿದಳು. ‘ಆಯಿ, ಈ ಮಗು ಯಾರದು? ಅದರವ್ವ ಯಾಕ ಹಿಂಗ ಬರದಾಳ?’ ನಿನ್ನ ಮಾವ ಬಚ್ಚಲ ಹತ್ತಿರ ಮುಖ ತೊಳೆಯುತ್ತಿದ್ದವರು ಕೈಯಲ್ಲಿ ತಂಬಿಗೆ ಹಿಡಿದು ಹಾಗೇ ನಿಂತರು. ‘ತಾರಾ, ತಗಿ ಅದನ್ನ’ ಎಂದರು. ಈಗ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದಾರೆ. ಈ ಕಾಗದ ಸುಡಬೇಡ, ಪಾಂಡಪ್ಪನ ಕೈಗೆ ಕೊಡು, ಪೂರ್ತಿ ಓದಲಿ. ಯಾರಿಗೂ ಹೇಳದೆ ಕುಳಿತು ಕೆಟ್ಟದ್ದು ಸಾಕು. ಬರುವ ಸೋಮವಾರ ಬೆಳಿಗ್ಗೆ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಗಲಗಲಿ ಬಸ್ಸು ನಿಲ್ಲುವಲ್ಲಿ ನಾನೂ ಅಕ್ಷತಾಳೂ ಇರುತ್ತೇವೆ, ಅಲ್ಲಿಂದ ವಕೀಲರ ಹತ್ತಿರ ಹೋಗೋಣ. ಒಬ್ಬಳೇ ಬರಬೇಡ, ಅವನನ್ನು ಕರೆದುಕೊಂಡು ಬಾ. ಆ ಮಗು ಯಾರದೆಂದು ನಾನು ಅವಳಿಗೆ ಹೇಳಿಲ್ಲ. ನೀನು ಬಂದು ಹೇಳು.